ಮೂಲೆಯ ಗಿಳಿ

ಆ ಬೆಳಿಗ್ಗೆ ಅವನು ಕನ್ನಡಿಗೆ ಬೆನ್ನು ಮಾಡಿ ನಿಂತು ಹಲ್ಲುಜ್ಜುತ್ತಿದ್ದ. ಹಾಗೆ ನಿಂತರೆ ಕಣ್ಣಿಗೆ ಬೀಳುವುದು ಬಚ್ಚಲ ಬಾಗಿಲ ಹಿಂದಿನ ಎರಡು ಟವೆಲ್, ಒಂದರ ಅಂಚಿನಿಂದ ಬಿಚ್ಚಿಕೊಂಡ ದಾರ. ದಾರವನ್ನು ನೋಡುತ್ತ ಮನಸ್ಸಿನಲ್ಲೇ ಅಂಕಿಗಳನ್ನು ಓದಿಕೊಂಡ: ಹತ್ತೊಂಬತ್ತು, ಹದಿನೆಂಟು, ಇಪ್ಪತ್ತು, ಹತ್ತೊಂಬತ್ತು, ಆಮೇಲೆ ಮೂವತ್ತೆಂಟು, ನಲವತ್ತೊಂದು. ಕಚೇರಿಯ ಬಿಳಿ ಹಲಗೆಯ ಮೇಲೆ, ಅಲ್ಲಿ ಎಲ್ಲರೂ ಅಕ್ಕ ಎಂದು ಕರೆಯುವ ಸಹೋದ್ಯೋಗಿಯ ಹೆಸರಿನ ಮುಂದೆ ಬರೆದ ಅಂಕಿಗಳು ಅವು, ಆಕೆ ದಿನಕ್ಕೆಷ್ಟು ಹಾಳೆ ಮುಗಿಸಿದಳು ಎಂಬುದರ ಲೆಕ್ಕ. ಮೊದಲ ನಾಲ್ಕು ಹೋದ ವಾರದವು, ಕೊನೆಯ ಎರಡು ಈ ವಾರದವು. ನಿನ್ನೆ ಸಂಜೆ ಮೇಲ್ವಿಚಾರಕರು ಹಲಗೆಯ ಮುಂದೆ ನಿಂತು, ಪೆನ್ನಿನ ಮುಚ್ಚಳದಿಂದ ಗಲ್ಲ ತಟ್ಟಿಕೊಳ್ಳುತ್ತ, ಯಾರಿಗೂ ಹೇಳದೆ ತಮಗೇ ಎಂಬಂತೆ, ‘ಹಾಗಾದರೆ ಇಷ್ಟು ದಿನ?’ ಎಂದಿದ್ದರು. ಆಮೇಲೆ ಹನ್ನೊಂದು ಗಂಟೆಗೆ ಎಲ್ಲರೂ ಸೇರಬೇಕು ಎಂದು ಸಣ್ಣ ಚೀಟಿ ಅಂಟಿಸಿ ಹೋಗಿದ್ದರು. ಆ ಅಂಕಿ ಏರಿದ್ದು ಯಾಕೆಂದು ಲೋಕದಲ್ಲಿ ಗೊತ್ತಿದ್ದದ್ದು ಅವನೊಬ್ಬನಿಗೆ. ಏರಿದರೆ ಅಕ್ಕ ಕೆಲಸದಲ್ಲಿ ಉಳಿಯುತ್ತಾಳೆ, ಯಾರೂ ಯಾರನ್ನೂ ಏನೂ ಕೇಳುವುದಿಲ್ಲ ಎಂದು ಅವನು ಎಣಿಸಿದ್ದ. ಬಾಯಲ್ಲಿ ನೊರೆ ತುಂಬಿ ಗದ್ದಕ್ಕಿಳಿಯಿತು.

‘ಏನ್ರೀ, ಆ ಟವೆಲ್‌ಗೂ ಹಲ್ಲುಜ್ಜಿಸ್ತೀರಾ? ನನಗೆ ಹೊತ್ತಾಯ್ತು,’ ಎಂದು ಹೆಂಡತಿ ಹೊರಗಿಂದ ಕೂಗಿದಳು.

ಅವಳು ಔಷಧಿ ಅಂಗಡಿಯಲ್ಲಿ ಫಾರ್ಮಸಿಸ್ಟ್. ಎಂಟೂವರೆಗೆ ಬಾಗಿಲು ತೆಗೆಯಬೇಕು. ಬಚ್ಚಲಿಂದ ಹೊರಬಂದವನ ಮುಖವನ್ನು ಒಂದು ಕ್ಷಣ, ಚೀಟಿಯ ಮೇಲಿನ ವೈದ್ಯರ ಅಕ್ಷರ ಓದುವಾಗ ನೋಡುವ ಹಾಗೆ, ಕಣ್ಣು ಕಿರಿದು ಮಾಡಿ ನೋಡಿದಳು, ಏನೂ ಕೇಳಲಿಲ್ಲ. ಕೇಳಿದ್ದರೆ ಹೇಳಿಬಿಡುತ್ತಿದ್ದೆನೇನೋ ಎಂದುಕೊಂಡ, ಕೇಳದಿದ್ದುದು ಒಳ್ಳೆಯದಾಯಿತು ಎಂದೂ ಅದೇ ಉಸಿರಿನಲ್ಲಿ ಅಂದುಕೊಂಡ. ಎರಡು ವರ್ಷದ ಹಿಂದೆ ಒಮ್ಮೆ, ಕಚೇರಿಯ ಕಂಪ್ಯೂಟರುಗಳಿಗೆ ತಾನು ಬರೆದುಕೊಟ್ಟ, ಎಲ್ಲರೂ ಗಿಳಿ ಎನ್ನುವ ಪುಟ್ಟ ಪ್ರೋಗ್ರಾಮಿಗೆ ಸಿಕ್ಕಿದ ಮರ್ಯಾದೆಯ ಬಗ್ಗೆ ನಗುನಗುತ್ತ ಅವಳಿಗೆ ಹೇಳಿದ್ದ: ‘ಅದನ್ನ ಒತ್ತಿದ್ರೆ ನಿಜವಾಗಿ ಏನೂ ಉಪಯೋಗ ಇಲ್ಲ ಕಣೇ. ಅಂಕಿ ಮೇಲೇರುತ್ತೆ, ಜನಕ್ಕೆ ಖುಷಿ.’ ಅವಳೂ ನಕ್ಕಿದ್ದಳು. ತನ್ನ ಅಂಗಡಿಗೆ ಬರುವ ಒಬ್ಬ ಮುದುಕಿ ಕೆಂಪು ಸಿರಪ್ಪೇ ಬೇಕೆಂದು ಹಟ ಹಿಡಿಯುವುದನ್ನು ಹೇಳಿ, ಆಮೇಲೆ ಚಮಚ ಒರೆಸುತ್ತ, ‘ಬಣ್ಣದ ನೀರು ಕೊಟ್ರೆ ತೊಂದ್ರೆ ಇಲ್ಲ ಬಿಡಿ. ನೀವು ಕೊಟ್ಟಿದ್ದು ಬರೀ ನೀರೇ ತಾನೇ?’ ಎಂದು ಕೇಳಿದ್ದಳು. ಹೂಂ ಎಂದಿದ್ದ. ಚಮಚ ಒಣಗಿದ ಮೇಲೂ ಅವಳು ಅದನ್ನು ಒರೆಸುತ್ತಿದ್ದದ್ದು ಈಗ ಯಾಕೋ ನೆನಪಾಯಿತು.

ಬಸ್ಸಿನಲ್ಲಿ ಸೀಟು ಸಿಕ್ಕಿತು. ಪಕ್ಕದಲ್ಲಿ ಕೂತವನು ತೊಡೆಯ ಮೇಲೆ ಚೀಲವಿಟ್ಟುಕೊಂಡು ತೂಕಡಿಸುತ್ತಿದ್ದ, ಅವನ ತಲೆ ಆಗಾಗ ಇವನ ಭುಜಕ್ಕೆ ತಾಗಿ ಹಿಂದೆ ಸರಿಯುತ್ತಿತ್ತು. ಸರಿಯದೆ ಹೋದರೂ ಇವನು ಏನೂ ಅನ್ನುತ್ತಿರಲಿಲ್ಲ. ಯಾರಾದರೂ ತನ್ನ ಮೇಲೆ ಭಾರ ಹಾಕಲಿ ಎಂದು ಅನ್ನಿಸುತ್ತಿತ್ತು. ಒಣಗಿಸಿದ ಸಸ್ಯಗಳ ಆ ಸಂಗ್ರಹಾಲಯಕ್ಕೆ ಕಂಪ್ಯೂಟರ್ ನೋಡಿಕೊಳ್ಳುವವನಾಗಿ ಅವನು ಸೇರಿದಾಗ ಅಲ್ಲಿದ್ದವು ಏಳು ಹಳೆಯ ಯಂತ್ರಗಳು, ಕಬ್ಬಿಣದ ಬೀರುಗಳ ಸಾಲು, ಮೂಗಿಗೆ ಹತ್ತುವ ನುಸಿಗುಳಿಗೆಯ ವಾಸನೆ. ನೂರು ವರ್ಷದಿಂದ ಸೇರಿಸಿದ ಗಿಡಗಳನ್ನು ದಪ್ಪ ಹಾಳೆಗಳಿಗೆ ಅಂಟಿಸಿ ಇಟ್ಟಿದ್ದರು. ಒಂದೊಂದು ಹಾಳೆಯನ್ನೂ ಆರು ತುಂಡಾಗಿ ಸ್ಕ್ಯಾನ್ ಮಾಡಿ, ಪರದೆಯ ಮೇಲೆ ಜೋಡಿಸಿ, ಒಂದೇ ದೊಡ್ಡ ಚಿತ್ರ ಮಾಡುವುದು ಅಲ್ಲಿನ ಕೆಲಸ. ಚಿತ್ರಗಳು ದೊಡ್ಡವು, ಯಂತ್ರಗಳು ಸಣ್ಣವು. ಸೇರಿದ ಎರಡನೇ ವಾರದಲ್ಲೇ ಅವನು ಒಂದು ಪುಟ್ಟ ಪ್ರೋಗ್ರಾಂ ಬರೆದ: ಪರದೆಯ ಬಲಮೂಲೆಯಲ್ಲಿ ಉಗುರಿನಷ್ಟು ಹಸಿರು ಚೌಕ, ಅದರೊಳಗೆ ಎಷ್ಟು ಮೆಮೊರಿ ಖಾಲಿ ಇದೆಯೆಂದು ನೂರಕ್ಕೆ ಇಷ್ಟು ಎಂಬ ಲೆಕ್ಕದಲ್ಲಿ ಒಂದು ಅಂಕಿ, ಹದಿನೈದಕ್ಕಿಂತ ಇಳಿದರೆ ಚೌಕ ಕೆಂಪು. ಯಾರೂ ಕೇಳಿರಲಿಲ್ಲ. ಹೊಸಬ ಕೆಲಸ ಬಲ್ಲವನು ಅನ್ನಿಸಿಕೊಳ್ಳಬೇಕಿತ್ತು, ಅಷ್ಟೇ. ಹಸಿರು ಬಣ್ಣ ನೋಡಿ ಪಕ್ಕದ ಮೇಜಿನ ಕನ್ನಡಕ (ಅವನ ಮುಖದಲ್ಲಿ ಬೇರೆ ಏನೂ ಕಾಣುತ್ತಿರಲಿಲ್ಲವಾದ್ದರಿಂದ ಎಲ್ಲರೂ ಹಾಗೇ ಕರೆಯುತ್ತಿದ್ದರು) ಅದಕ್ಕೆ ಗಿಳಿ ಎಂದು ಹೆಸರಿಟ್ಟ.

ಗಿಳಿ ಬಂದ ಮೇಲೆ ನೆಮ್ಮದಿ ಕೆಟ್ಟಿತು. ಅದುವರೆಗೆ ತಮ್ಮ ಪಾಡಿಗೆ ಕೆಲಸ ಮಾಡುತ್ತಿದ್ದವರು ಈಗ ಮೂಲೆಯನ್ನೇ ನೋಡತೊಡಗಿದರು. ‘ಕೆಂಪಾಯ್ತು, ಕೆಂಪಾಯ್ತು’ ಎಂದು ದಿನಕ್ಕೆ ಹತ್ತು ಸಲ ಕರೆ. ಅವನು ತಾಳ್ಮೆಯಿಂದ ವಿವರಿಸಿದ: ಖಾಲಿ ಬಿದ್ದ ಮೆಮೊರಿಯಿಂದ ಯಾರಿಗೂ ಪ್ರಯೋಜನವಿಲ್ಲ, ಮುಂದೆ ಬೇಕಾದೀತು ಎಂದು ಕಂಪ್ಯೂಟರ್ ಒಂದಷ್ಟನ್ನು ಕೈಗೆಟಕುವ ಹಾಗೆ ಇಟ್ಟುಕೊಂಡಿರುತ್ತದೆ, ಅಂಕಿ ಇಳಿದರೆ ಹೆದರಬೇಕಾಗಿಲ್ಲ. ಕನ್ನಡಕ ಕೈಮುಗಿದ. ‘ಗುರುವೇ, ವೇದಾಂತ ಬೇಡ. ಕೆಂಪು ಹೋಗೋ ಹಾಗೆ ಏನಾದ್ರೂ ಮಾಡು.’ ಎಲ್ಲರೂ ನಕ್ಕರು. ಆ ನಗು ಅವನಿಗೆ ನಾಟಿತು. ಮರುದಿನವೇ ಗಿಳಿಯನ್ನು ಒತ್ತಿದರೆ ಅಂಕಿ ಏರುವ ಹಾಗೆ ಮಾಡಿಕೊಟ್ಟ. ಅದೇನು ದೊಡ್ಡ ವಿದ್ಯೆಯಲ್ಲ. ಮೇಜಿನ ಮೇಲಿದ್ದುದನ್ನೆಲ್ಲ ಬಾಚಿ ನೆಲಮಾಳಿಗೆಗೆ ಸಾಗಿಸಿದ ಹಾಗೆ, ಮೆಮೊರಿಯಲ್ಲಿದ್ದುದನ್ನೆಲ್ಲ ಡಿಸ್ಕಿಗೆ ತಳ್ಳುವ ಒಂದು ಸಾಲು. ಮೇಜು ಖಾಲಿಯಾಗುತ್ತದೆ, ನಿಜ. ಅರ್ಧ ಮುಗಿದ ಕೆಲಸವೂ ನೆಲಮಾಳಿಗೆಗೇ ಹೋಗಿರುತ್ತದೆ, ಮತ್ತೆ ಮೆಟ್ಟಿಲಿಳಿದು ಒಂದೊಂದಾಗಿ ತರಬೇಕು. ಬರೆಯುವಾಗಲೇ ಅವನಿಗೆ ಇದು ಗೊತ್ತಿತ್ತು. ಗೊತ್ತಿದ್ದುದನ್ನು ಪೂರ್ತಿ ನೋಡದೆ ಓರೆಗಣ್ಣಿನಲ್ಲಿ ಇಟ್ಟುಕೊಳ್ಳುವ ಅಭ್ಯಾಸ ಅವನಿಗೆ ಹಳೆಯದು. ಹನ್ನೆರಡು ಇದ್ದದ್ದು ಎಪ್ಪತ್ತೊಂದಕ್ಕೆ ನೆಗೆದಾಗ ಕೋಣೆಯಲ್ಲಿ ಚಪ್ಪಾಳೆ. ಅಕ್ಕ ಮಾತ್ರ ಚಪ್ಪಾಳೆ ತಟ್ಟದೆ, ಪರದೆಯ ಹತ್ತಿರ ಬಗ್ಗಿ, ಗಿಳಿಯನ್ನು ಬಹಳ ಹೊತ್ತು ನೋಡಿ, ‘ಅಂದ್ರೆ ಇದು ಮೇಜು ಗುಡಿಸಿದ ಹಾಗೆ ಅಲ್ವೇನಪ್ಪಾ?’ ಎಂದು ಕೇಳಿದ್ದಳು. ಹೌದು ಎಂದಿದ್ದ.

ಆ ಒಂದು ಹೌದು. ಬಸ್ಸು ನಿಂತಿತು, ಅವನ ನಿಲ್ದಾಣ ಹಿಂದೆ ಉಳಿದುಹೋಗಿತ್ತು. ಒಂದು ನಿಲ್ದಾಣದಷ್ಟು ಹಿಂದಕ್ಕೆ ನಡೆದ, ಮುಚ್ಚಿದ ಅಂಗಡಿಗಳ ಷಟರ್‌ಗಳನ್ನು ದಾಟುತ್ತ, ಮುಂದೆ ಹೋಗುತ್ತಿದ್ದ ಹೆಂಗಸಿನ ಹಿಮ್ಮಡಿ ನೋಡುತ್ತ. ಅಕ್ಕ ಕಂಪ್ಯೂಟರಿಗೆ ಬರುವ ಮುಂಚೆ ಇಪ್ಪತ್ತೆರಡು ವರ್ಷ ಗಿಡ ಅಂಟಿಸುವ ಕೆಲಸದಲ್ಲಿದ್ದವಳು. ಆ ಕೆಲಸಕ್ಕೆ ಒಂದು ಶಿಸ್ತಿದೆ: ಒಂದು ಹಾಳೆ ಮುಗಿದ ಕೂಡಲೇ ಇನ್ನೊಂದನ್ನು ಮುಟ್ಟುವಂತಿಲ್ಲ. ಮೊದಲು ಮೆತ್ತನೆಯ ಬ್ರಷ್ಷಿನಿಂದ ಮೇಜು ಗುಡಿಸಬೇಕು, ಬಗ್ಗಿ ಬೆಳಕಿಗೆ ಅಡ್ಡವಾಗಿ ನೋಡಬೇಕು, ಚಿಮುಟ ಒರೆಸಬೇಕು. ‘ಒಂದರ ಬೀಜ ಇನ್ನೊಂದರ ಹಾಳೆಗೆ ಹೋದ್ರೆ ನೂರು ವರ್ಷ ಯಾರ್ಗೂ ಗೊತ್ತಾಗಲ್ಲಪ್ಪಾ. ಆಮೇಲೆ ಯಾವನೋ ಪಾಪ ಅದನ್ನ ನೋಡಿ ತಲೆ ಕೆಡಿಸ್ಕೊಳ್ತಾನೆ,’ ಎನ್ನುತ್ತಿದ್ದಳು. ಮಿಕ್ಕವರು ಗಿಳಿ ಕೆಂಪಾದಾಗ ಒತ್ತುತ್ತಿದ್ದರು, ಆಮೇಲಾಮೇಲೆ ಅದೂ ಅಪರೂಪವಾಯಿತು. ಅಕ್ಕ ಹಸಿರಿದ್ದಾಗಲೂ ಒತ್ತುತ್ತಿದ್ದಳು. ಪ್ರತಿ ತುಂಡಿನ ಪ್ರತಿ ಕೆಲಸವಾದ ಮೇಲೂ: ಬಣ್ಣ ತಿದ್ದಿ ಒಮ್ಮೆ, ಓರೆ ಸರಿಮಾಡಿ ಒಮ್ಮೆ, ಜೋಡಿಸಿ ಒಮ್ಮೆ, ಉಳಿಸಿ ಒಮ್ಮೆ. ಹಾಳೆಗೆ ಆರು ತುಂಡು. ಇಪ್ಪತ್ತನಾಲ್ಕು ಸಲ. ಅವಳ ಅಷ್ಟೂ ವರ್ಷದ ಅಚ್ಚುಕಟ್ಟುತನವೆಲ್ಲ ಬೆರಳ ತುದಿಗೆ ಬಂದು ಅವನು ಬರೆದ ಆ ಒಂದು ಸಾಲನ್ನು ಒತ್ತುತ್ತಿತ್ತು.

ಇದನ್ನು ಅವನು ಕಣ್ಣಾರೆ ಕಂಡದ್ದು ಮೂರು ವಾರದ ಹಿಂದೆ. ಹೊಸದಾಗಿ ಬಂದ ಮೇಲ್ವಿಚಾರಕರು ಬಿಳಿ ಹಲಗೆ ತರಿಸಿ, ದಿನದ ಹಾಳೆಗಳ ಎಣಿಕೆ ಬರೆಸಲು ಶುರುಮಾಡಿದ್ದರು. ಎಲ್ಲರದ್ದೂ ನಲವತ್ತರ ಆಸುಪಾಸು, ಅಕ್ಕನದು ಅದರ ಅರ್ಧ. ಅವಳ ಕರಾರು ಈ ತಿಂಗಳ ಕೊನೆಗೆ ಮುಗಿಯುವುದಿತ್ತು. ಯಂತ್ರದ ತಪ್ಪಿದ್ದರೆ ತಿಳಿಯಲಿ, ಒಮ್ಮೆ ನೋಡಿ ಬರೆದುಕೊಡಿ ಎಂದು ಅವರು ಇವನಿಗೆ ಹೇಳಿದರು, ಕೆಟ್ಟ ಮನುಷ್ಯರೇನಲ್ಲ. ಅವನು ಕುರ್ಚಿ ಎಳೆದುಕೊಂಡು ಅಕ್ಕನ ಹಿಂದೆ ಕೂತ. ಅವಳು ಗಿಳಿ ಒತ್ತಿದಳು. ಪರದೆ ಮರಗಟ್ಟಿತು. ಕಾಯಬೇಕೆಂದು ಹೇಳುವ ಚಕ್ರ ತಿರುಗತೊಡಗಿತು. ಅವಳು ಬ್ರಷ್ ತೆಗೆದುಕೊಂಡು, ಏನೂ ಬೀಳದ ಮೇಜನ್ನು ಗುಡಿಸಿದಳು. ಚಿತ್ರ ಬಂತು. ಒಂದು ಕೆಲಸ. ಮತ್ತೆ ಗಿಳಿ, ಮತ್ತೆ ಚಕ್ರ, ಮತ್ತೆ ಬ್ರಷ್. ಅವನ ಮಣಿಕಟ್ಟಿನಲ್ಲಿ ಗಡಿಯಾರವಿತ್ತು. ಅದರ ಮೇಲೆ ತೋಳು ಎಳೆದುಕೊಂಡ. ಎಷ್ಟು ಸೆಕೆಂಡು ಎಂದು ಒಮ್ಮೆ ನೋಡಿಬಿಟ್ಟರೆ ಅದು ಅಂಕಿಯಾಗುತ್ತದೆ, ಅಂಕಿಯಾದರೆ ಗುಣಿಸಬೇಕಾಗುತ್ತದೆ. ‘ನಿನ್ನ ಗಿಳಿ ಇಲ್ಲದಿದ್ರೆ ನನ್ನ ಗತಿ ಏನಾಗ್ತಿತ್ತೋ,’ ಎಂದು ಅಕ್ಕ ಹಿಂದಿರುಗಿ ನೋಡದೆ ಹೇಳಿದಳು. ಆ ಮಧ್ಯಾಹ್ನ ಅವನು ಬರೆದುಕೊಟ್ಟದ್ದು ಒಂದೇ ಸಾಲು: ‘ಪರೀಕ್ಷಿಸಲಾಗಿದೆ, ಯಂತ್ರದಲ್ಲಿ ಯಾವ ದೋಷವೂ ಇಲ್ಲ.’ ಸುಳ್ಳಲ್ಲ. ಯಂತ್ರದಲ್ಲಿ ದೋಷವಿರಲಿಲ್ಲ. ಸಹಿ ಹಾಕುವಾಗ ಪೆನ್ನು ಸರಾಗವಾಗಿ ಓಡಿದ್ದು ಈಗಲೂ ನೆನಪಿದೆ.

ಕಾಲೇಜಿನ ಪ್ರಯೋಗಶಾಲೆಯಲ್ಲೂ ಪೆನ್ನು ಹಾಗೇ ಓಡಿತ್ತು. ಲೋಲಕದ ಪ್ರಯೋಗ, ಅವನ ಜೊತೆಗಾರ ಉದ್ದ ಕಾಲಿನ ಬಡಕಲು ಹುಡುಗ, ಕೊಕ್ಕರೆ ಎಂದೇ ಕರೆಯುತ್ತಿದ್ದರು. ಕೊಕ್ಕರೆ ಗಟ್ಟಿಯಾಗಿ ತೂಗಾಟಗಳನ್ನು ಎಣಿಸುತ್ತಿದ್ದ, ಒಂದು, ಎರಡು, ಮೂರು, ಎಣಿಸುವಾಗ ಅವನ ಗಂಟಲ ಮಣಿ ಲೋಲಕದ ಜೊತೆಗೇ ಆಡುತ್ತಿತ್ತು. ಸಮಯ ಬರೆದುಕೊಳ್ಳುವುದು ಇವನ ಪಾಲು. ಗುರುತ್ವದ ಬೆಲೆ ಒಂಬತ್ತು ಪಾಯಿಂಟ್ ಎರಡು ಒಂದು ಬಂತು. ಬರಬೇಕಾದದ್ದು ಒಂಬತ್ತು ಪಾಯಿಂಟ್ ಎಂಟು. ದಾರದ ಉದ್ದ ತಪ್ಪಾಗಿ ಅಳೆದಿದ್ದು ಇವನೇ. ಮನೆಗೆ ಹೋಗಿ ತನ್ನ ಪುಸ್ತಕದಲ್ಲಿ ಸಮಯಗಳನ್ನು ಅಲ್ಲಿಷ್ಟು ಇಲ್ಲಿಷ್ಟು ಕಡಿಮೆ ಮಾಡಿ ಎಲ್ಲ ಸರಿಮಾಡಿಕೊಂಡ, ಕೊಕ್ಕರೆಗೆ ಹೇಳಲಿಲ್ಲ. ಮರುದಿನ ಮೇಷ್ಟ್ರು ಎರಡೂ ಪುಸ್ತಕ ಎತ್ತಿ ಹಿಡಿದು, ‘ಅದೇ ಲೋಲಕ, ಅದೇ ದಾರ. ಒಬ್ಬ ವಿಜ್ಞಾನ ಕಲಿಯೋಕೆ ಬಂದಿದಾನೆ, ಇನ್ನೊಬ್ಬನಿಗೆ ಇಪ್ಪತ್ತರವರೆಗೆ ಎಣಿಸೋಕೂ ಬರಲ್ಲ,’ ಎಂದರು. ತರಗತಿ ನಕ್ಕಿತು. ಕೊಕ್ಕರೆ ಇವನ ಕಡೆ ತಿರುಗಿ ನೋಡಿದ. ಸಿಟ್ಟಿರಲಿಲ್ಲ ಅವನ ಮುಖದಲ್ಲಿ. ತಾನು ನಿಜವಾಗಿ ತಪ್ಪಿ ಎಣಿಸಿದೆನೇ ಎಂದು ಇವನನ್ನೇ ಕೇಳುತ್ತಿದ್ದಂತಿತ್ತು. ಇವನು ಲೋಲಕದ ಗುಂಡನ್ನು ನೋಡುತ್ತ ನಿಂತಿದ್ದ. ಎರಡೂ ತುಟಿಗಳ ನಡುವೆ ಒಂದು ಕೂದಲಿನಷ್ಟು ಸಂದು ಬಿಟ್ಟುಕೊಂಡು, ಈಗ ಹೇಳುತ್ತೇನೆ, ಈಗ ಹೇಳುತ್ತೇನೆ ಎನ್ನುವ ಹಾಗೆ.

ಹೋದ ಶುಕ್ರವಾರ ಮೇಲ್ವಿಚಾರಕರು ಅಕ್ಕನಿಗೆ ಎಚ್ಚರಿಕೆ ಕೊಟ್ಟ ಮೇಲೆ, ಭಾನುವಾರ ಬೀಗದ ಕೈ ಪಡೆದು ಕಚೇರಿಗೆ ಬಂದು, ಏಳೂ ಯಂತ್ರಗಳಲ್ಲಿ ಗಿಳಿಯನ್ನು ಬದಲಿಸಿದ್ದ. ಹೊಸ ಗಿಳಿಯನ್ನು ಒತ್ತಿದರೆ ಏನೂ ಆಗುತ್ತಿರಲಿಲ್ಲ. ಅಂಕಿ ಮಾತ್ರ ಹುಸಿಯಾಗಿ ಎಪ್ಪತ್ತಕ್ಕೇರಿ, ನಿಧಾನವಾಗಿ ಇಳಿಯುತ್ತಿತ್ತು. ನಿಜ ಹೇಳುತ್ತಿದ್ದಷ್ಟು ದಿನ ಅಕ್ಕನನ್ನು ತಿಂದ ಗಿಳಿ ಸುಳ್ಳು ಹೇಳತೊಡಗಿದ ಕೂಡಲೇ ಅವಳನ್ನು ಬಿಟ್ಟಿತ್ತು. ಸೋಮವಾರ ಮಧ್ಯಾಹ್ನದ ಹೊತ್ತಿಗೇ ಅಕ್ಕ, ‘ಇವತ್ತು ಏನೋ ಕೈ ಓಡ್ತಾ ಇದೆ,’ ಎಂದು ತನ್ನಷ್ಟಕ್ಕೆ ಹೇಳಿಕೊಂಡದ್ದು ಕೇಳಿಸಿ, ಅವನು ಎದ್ದು ಹೋಗಿ ಎರಡು ಲೋಟ ನೀರು ಕುಡಿದಿದ್ದ.

ಹನ್ನೊಂದಕ್ಕೆ ಎಲ್ಲರೂ ಉದ್ದ ಮೇಜಿನ ಸುತ್ತ ಕೂತರು. ಮೇಲ್ವಿಚಾರಕರು ದನಿಯೇರಿಸಲಿಲ್ಲ. ಅದೇ ಕಷ್ಟವಾದದ್ದು. ‘ನಾನು ಯಾರ ಮನಸ್ಸನ್ನೂ ನೋಯಿಸೋಕೆ ಇದನ್ನ ಹೇಳ್ತಾ ಇಲ್ಲ,’ ಎಂದು ಶುರುಮಾಡಿ, ಹಲಗೆಯ ಅಂಕಿಗಳನ್ನು ಓದಿದರು. ‘ಎಚ್ಚರಿಕೆ ಕೊಟ್ಟಿದ್ದು ಶುಕ್ರವಾರ. ಸೋಮವಾರ ಮೂವತ್ತೆಂಟು. ಅದೇ ಕುರ್ಚಿ, ಅದೇ ಕಂಪ್ಯೂಟರ್, ದೋಷ ಇಲ್ಲ ಅಂತ ಇವರೇ ನೋಡಿ ಬರೆದುಕೊಟ್ಟಿದಾರೆ. ಕೈಲಾಗದವರಾಗಿದ್ರೆ ನಾನು ಬೇರೆ ಕೆಲಸ ಕೊಡ್ತಿದ್ದೆ. ಆಗ್ತಿತ್ತು, ಮಾಡ್ಲಿಲ್ಲ. ಅದಕ್ಕೆ ನಾನೇನು ಹೇಳ್ಲಿ ನೀವೇ ಹೇಳಿ.’ ಕರಾರು ಮುಂದುವರಿಯುವುದಿಲ್ಲ. ಬೇಕೆಂದೇ ನಿಧಾನ ಮಾಡಿದ್ದಾರೆ ಎಂದು ಕಡತದಲ್ಲಿ ಬರೆಯಬೇಕಾಗುತ್ತದೆ. ಮೂರು ಗಂಟೆಗೆ ಸಹಿ. ಅಕ್ಕ ಎರಡೂ ಅಂಗೈಗಳನ್ನು ಮೇಜಿನ ಮೇಲೆ ಬೋರಲು ಇಟ್ಟು ಕೂತಿದ್ದಳು. ಅಂಟು ಹಿಡಿದು ಹಿಡಿದು ಬೆರಳ ತುದಿಗಳ ಗೆರೆ ಸವೆದಿದ್ದವು. ಆ ಬೆರಳುಗಳು ಒಮ್ಮೆ ಅವನಿಗೆ ಒಂದು ಪುಟ್ಟ ಜರಿಗಿಡದ ಎಲೆಯನ್ನು ರಟ್ಟಿಗೆ ಅಂಟಿಸಿ ಕೊಟ್ಟಿದ್ದವು, ಒಂದು ಎಳೆಯೂ ಮಡಚದ ಹಾಗೆ. ಗಿಳಿ ಮಾಡಿಕೊಟ್ಟದ್ದಕ್ಕೆ. ಅದು ಅವನ ಮೇಜಿನ ಎರಡನೇ ಡ್ರಾಯರಿನಲ್ಲಿತ್ತು.

‘ಸರ್,’ ಎಂದ. ತನ್ನ ದನಿ ತನಗೇ ಯಾರದೋ ಎನ್ನಿಸಿತು. ‘ಅದು ಅಕ್ಕನ ತಪ್ಪಲ್ಲ ಸರ್. ಗಿಳಿದು.’

ಯಾರೋ ಕಿಸಕ್ಕೆಂದರು. ‘ಯಾರದು?’ ಎಂದರು ಮೇಲ್ವಿಚಾರಕರು.

‘ಮೂಲೇಲಿ ಇರುತ್ತಲ್ಲ ಸರ್, ಮೆಮೊರಿ ತೋರಿಸೋದು. ಅದನ್ನ ಒತ್ತಿದ್ರೆ ಎಲ್ಲಾ ಡಿಸ್ಕಿಗೆ ಹೋಗುತ್ತೆ... ಹೋಗ್ತಿತ್ತು. ವಾಪಸ್ ಬರೋಕೆ ಹೊತ್ತು ಹಿಡಿಯುತ್ತೆ. ಅಕ್ಕ ಪ್ರತೀ ಸಲ ಒತ್ತುತ್ತಾರೆ. ನಾನು ಭಾನುವಾರ ಅದನ್ನ ತೆಗೆದೆ. ಅದಕ್ಕೇ ಈಗ ಬೇಗ ಆಗ್ತಿರೋದು.’

‘ನಾವೂ ಒತ್ತಿದ್ವಲ್ಲ ಗುರು,’ ಎಂದ ಕನ್ನಡಕ, ‘ನಮ್ಮದು ನಲವತ್ತು ಆಗ್ತಾನೇ ಇತ್ತು. ಈಗಲೂ ಗಿಳಿ ಅಲ್ಲೇ ಇದೆ, ಬೆಳಿಗ್ಗೆ ತಾನೇ ಒತ್ತಿದೆ. ಏನು ತೆಗ್ದೆ ನೀನು?’

ಅವನು ಬಾಯಿ ತೆರೆದ. ಹೇಳಬೇಕಾದದ್ದು ಬಹಳವಿತ್ತು. ಒತ್ತಿದರೆ ಏರುವ ಅಂಕಿ ಈಗ ಹುಸಿ, ಆಗ ನಿಜ, ನಿಜವಾಗಿದ್ದಾಗ ಕೆಡುಕು. ಒಂದೊಂದು ಮಾತೂ ಸರಿ, ಜೋಡಿಸಿದರೆ ಹುಚ್ಚನ ಮಾತಿನ ಹಾಗೆ ಕೇಳುತ್ತಿತ್ತು. ಮೇಲ್ವಿಚಾರಕರು ಅವನ ಚೀಟಿಯನ್ನು ಕಡತದಿಂದ ತೆಗೆದು, ಓದದೆ, ಮೇಜಿನ ಮೇಲೆ ಅವನ ಕಡೆಗೆ ತಿರುಗಿಸಿ ಇಟ್ಟರು. ‘ಒಳ್ಳೇ ಮನಸ್ಸು ನಿಮ್ಮದು,’ ಎಂದರು, ಮೆತ್ತಗೆ. ‘ಜೊತೇಲಿ ಕೆಲಸ ಮಾಡಿದವರ ಮೇಲೆ ಕರುಣೆ ಇರುತ್ತೆ, ಇರಬೇಕು. ಆದ್ರೆ ನಿಮ್ಮ ಒಳ್ಳೇ ಹೆಸರು ಇದಕ್ಕೆ ಯಾಕೆ ಹಾಳು ಮಾಡ್ಕೊಳ್ತೀರಿ?’ ಸುತ್ತ ಕೂತವರ ಮುಖಗಳಲ್ಲಿ ಅವನ ಬಗ್ಗೆ ಮೆಚ್ಚಿಗೆಯಿತ್ತು. ಅಷ್ಟು ಮೆಚ್ಚಿಗೆಯನ್ನು ಅವನು ಆ ಕೋಣೆಯಲ್ಲಿ ಗಿಳಿಯ ಮೊದಲ ದಿನದ ನಂತರ ಕಂಡಿರಲಿಲ್ಲ. ಕುರ್ಚಿಗೆ ಒರಗಿದ. ಹೇಳಿಯಾಯಿತಲ್ಲ, ಅವರು ನಂಬದಿದ್ದರೆ ನಾನೇನು ಮಾಡಲಿ ಎಂಬ ಹಗುರವಾದ ಒಂದು ಭಾವ ಎದೆಯಲ್ಲಿ ಸುಳಿಯಿತು. ಅದು ನೆಮ್ಮದಿಯೆಂದು ಗುರುತಾದ ಕೂಡಲೇ ಕಿವಿಗಳು ಉರಿಯತೊಡಗಿದವು.

ಊಟದ ಹೊತ್ತಿಗೆ ಬೀರುಗಳ ಸಾಲಿನ ನಡುವೆ ಅಕ್ಕ ಅವನನ್ನು ತಡೆದಳು. ಇಕ್ಕಟ್ಟಿನ ಜಾಗ, ಇಬ್ಬರೂ ಅಡ್ಡಡ್ಡ ನಿಲ್ಲಬೇಕಾಯಿತು. ‘ನನಗೋಸ್ಕರ ಅಷ್ಟು ಜನರ ಮುಂದೆ ಸುಳ್ಳು ಹೇಳಿದೆಯಲ್ಲಪ್ಪಾ,’ ಎಂದಳು. ‘ನನ್ನ ಸ್ವಂತ ತಮ್ಮನೂ ಹೇಳ್ತಿರಲಿಲ್ಲ. ಆದ್ರೆ ಪಾಪ, ಸುಳ್ಳು ಹೇಳೋಕೂ ಬರಲ್ಲ ನಿನಗೆ. ಗಿಳಿ ಅಂತೆ, ಭಾನುವಾರ ಅಂತೆ.’ ನಕ್ಕಳು. ನಗು ಅರ್ಧಕ್ಕೆ ನಿಂತಿತು. ಬೀರುವಿನ ಹಿಡಿಯನ್ನು ಸೆರಗಿನಿಂದ ಒರೆಸುತ್ತ, ‘ನಾನೂ ನಿನ್ನೆಯಿಂದ ಯೋಚನೆ ಮಾಡ್ತಾ ಇದೀನಿ. ಶುಕ್ರವಾರ ಅವರು ಹೇಳಿದ ಮೇಲೆ ಹೆದರಿಕೆಯಾಯ್ತು, ಕೈ ಓಡ್ತು. ಅಂದ್ರೆ ಮುಂಚೆ ನಾನು ಮೈಗಳ್ಳತನ ಮಾಡ್ತಿದ್ದೆ ಅಂತಾನೇ ಅಲ್ವಾ? ನನಗೇ ಗೊತ್ತಾಗದ ಹಾಗೆ? ಇಪ್ಪತ್ತೆರಡು ವರ್ಷ ಅಂಟಿಸಿದೀನಲ್ಲ, ಆಗಲೂ ಹಾಗೇ ಇದ್ದೆನೇನೋ. ಯಾರೂ ಎಣಿಸಿರ್ಲಿಲ್ಲ ಅಷ್ಟೇ,’ ಎಂದಳು.

ಅವನು ಏನಾದರೂ ಅನ್ನಬೇಕೆಂದು ಅವಳು ಕಾದಳು. ಕತ್ತೆತ್ತಿ ಅವನನ್ನು ನೋಡಿದಳು, ತಾನು ನಿಜವಾಗಿ ತಪ್ಪಿ ಎಣಿಸಿದೆನೇ ಎಂದು ಕೇಳುವ ಆ ನೋಟ. ಅವನು ‘ಊಟ ಮಾಡಿ ಅಕ್ಕಾ’ ಎಂದ.

ತನ್ನ ಡಬ್ಬಿ ಬಿಚ್ಚಿ ಮುಚ್ಚಳದ ಒಳಗೆ ಕಟ್ಟಿದ ಹನಿಗಳನ್ನು ನೋಡುತ್ತ ಕೂತ. ಕಿಟಕಿಯಾಚೆ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು, ಪಂಪು ಏದುಸಿರು ಬಿಡುತ್ತಿತ್ತು. ಸಂಜೆ ಒಂದು ಪತ್ರ ಬರೆಯಬಹುದು, ವಿವರವಾಗಿ, ನಕ್ಷೆ ಸಮೇತ. ನಾಳೆ. ನಾಳೆ ಅವರಿಗೆ ಒಬ್ಬರಿಗೇ ಕೋಣೆಯಲ್ಲಿ ವಿವರಿಸಿದರೆ ಅರ್ಥಮಾಡಿಕೊಳ್ಳುವ ಮನುಷ್ಯರು. ಅಕ್ಕ ಮೂರಕ್ಕೆ ಸಹಿ ಹಾಕಿದರೂ ಆಮೇಲೆ ತಿದ್ದಿಸಬಹುದು. ಯೋಚನೆಗಳು ಒಂದರ ಹಿಂದೊಂದು ಎಷ್ಟು ಅಚ್ಚುಕಟ್ಟಾಗಿ ಬಂದವೆಂದರೆ, ಅವನ್ನು ಯಾರೋ ಮೊದಲೇ ಬರೆದಿಟ್ಟಿರಬೇಕು ಎನ್ನಿಸಿತು. ನೀವು ಕೊಟ್ಟಿದ್ದು ಬರೀ ನೀರೇ ತಾನೇ ಎಂದು ಹೆಂಡತಿ ಕೇಳಿದ್ದಳು. ಡಬ್ಬಿ ಮುಚ್ಚಿದ. ಗಂಟೆ ಎರಡು ನಲವತ್ತಾಗಿತ್ತು. ತನ್ನ ಯಂತ್ರದಲ್ಲಿ ಹಳೆಯ ಗಿಳಿಯನ್ನು ಹುಡುಕಿದ. ಅಳಿಸಿರಲಿಲ್ಲ, ತಾನು ಬರೆದದ್ದನ್ನು ಅವನು ಯಾವತ್ತೂ ಅಳಿಸುತ್ತಿರಲಿಲ್ಲ. ಅದನ್ನು ಅಕ್ಕನ ಯಂತ್ರಕ್ಕೆ ಹಾಕಲು ಎರಡು ನಿಮಿಷವೂ ಹಿಡಿಯಲಿಲ್ಲ.

‘ಅಕ್ಕಾ, ಒಂದು ಹಾಳೆ ಮಾಡಿ. ದೊಡ್ಡದು.’

‘ಈಗಲಾ? ಸಹಿಗೆ ಕರೀತಾರಲ್ಲಪ್ಪಾ.’

‘ಕರೆಯೋವರೆಗೂ ಮಾಡಿ. ಯಾವಾಗ್ಲೂ ಮಾಡೋ ಹಾಗೇ.’

ಅವಳು ಕುರ್ಚಿ ಮುಂದಕ್ಕೆಳೆದುಕೊಂಡಳು. ಎಂಬತ್ತು ವರ್ಷದ ಹಿಂದೆ ಯಾರೋ ಕಿತ್ತು ಒಣಗಿಸಿದ ಒಂದು ಬಳ್ಳಿ ಪರದೆಯ ಮೇಲೆ ತುಂಡುತುಂಡಾಗಿ ಬಂತು. ಮೊದಲ ತುಂಡಿನ ಬಣ್ಣ ತಿದ್ದಿದಳು. ಬೆರಳು ತಾನಾಗಿ ಮೂಲೆಗೆ ಹೋಯಿತು, ಒತ್ತಿದಳು. ಇಪ್ಪತ್ತಾರು ಇದ್ದದ್ದು ಎಪ್ಪತ್ತೊಂದಾಯಿತು. ಮುಂದಿನ ಕೆಲಸಕ್ಕೆ ಕೈ ಹಾಕಿದಳು. ಪರದೆ ಮರಗಟ್ಟಿತು, ಚಕ್ರ ತಿರುಗತೊಡಗಿತು. ಅವಳ ಕೈ ಬ್ರಷ್ಷಿಗೆ ಹೋಯಿತು.

ಅವನು ತೋಳು ಮೇಲಕ್ಕೆ ಸರಿಸಿ ಗಡಿಯಾರ ನೋಡುತ್ತ, ‘ಒಂದು,’ ಎಂದ. ‘ಎರಡು. ಮೂರು.’ ಗಟ್ಟಿಯಾಗಿ ಎಣಿಸುವುದು ಇಷ್ಟು ಕಷ್ಟವೆಂದು ಗೊತ್ತಿರಲಿಲ್ಲ. ಕೊಕ್ಕರೆ ಹೇಗೆ ಎಣಿಸುತ್ತಿದ್ದನೋ, ಅಷ್ಟು ಜನರ ನಡುವೆ, ನಾಚಿಕೆಯಿಲ್ಲದೆ. ಏಳಕ್ಕೆ ಕನ್ನಡಕ ತಿರುಗಿ ನೋಡಿದ. ‘ಏನು ಗುರು, ವ್ಯಾಯಾಮನಾ?’ ಹನ್ನೊಂದು, ಹನ್ನೆರಡು. ಬೇರೆ ಮೇಜಿನವರೂ ತಿರುಗಿದರು. ಹದಿನಾರಕ್ಕೆ ಮೇಲ್ವಿಚಾರಕರು ಬಾಗಿಲಲ್ಲಿ ಕಾಣಿಸಿಕೊಂಡರು, ಕೈಯಲ್ಲಿ ಸಹಿಯ ಕಾಗದ. ಒಮ್ಮೆ ಇವನನ್ನು, ಒಮ್ಮೆ ಪರದೆಯನ್ನು ನೋಡಿ ಅಲ್ಲೇ ನಿಂತರು. ‘ಇದು ಭಾನುವಾರದ ತನಕ ಇದ್ದ ಗಿಳಿ ಸರ್, ಹತ್ತೊಂಬತ್ತು, ನಾನು ಬರೆದದ್ದು, ಇಪ್ಪತ್ತೊಂದು, ಹೀಗೇ ಆಗುತ್ತೆ ಅಂತ ಗೊತ್ತಿತ್ತು. ಇಪ್ಪತ್ತನಾಲ್ಕು. ಬರೆಯುವಾಗಲೂ ಗೊತ್ತಿತ್ತು, ಇಪ್ಪತ್ತಾರು, ಚೀಟಿ ಕೊಡುವಾಗಲೂ.’ ಗುಡಿಸುತ್ತಿದ್ದ ಬ್ರಷ್ ಮೇಜಿನ ನಡುವೆ ನಿಂತಿತು. ಅಕ್ಕ ಬ್ರಷ್ಷನ್ನು ನೋಡಿದಳು, ಅದರ ಕೆಳಗಿನ ಶುಭ್ರವಾದ ಮೇಜನ್ನು ನೋಡಿದಳು, ತನ್ನ ಕೈ ಈ ಎರಡು ವರ್ಷ ಏನನ್ನು ಗುಡಿಸುತ್ತಿತ್ತು ಎಂದು ಈಗ ಕಂಡವಳ ಹಾಗೆ. ಮೂವತ್ತೊಂದಕ್ಕೆ ಬಳ್ಳಿಯ ಚಿತ್ರ ಬಂತು.

ಅವನು ಎಣಿಸುವುದನ್ನು ನಿಲ್ಲಿಸಿದ. ಇನ್ನು ಸಾಕು, ಅವರಿಗೆ ಅರ್ಥವಾಗಿದೆ ಎಂದುಕೊಂಡು, ಯಂತ್ರದ ಕಡೆಗೆ ಕೈ ಚಾಚಿದ, ಗಿಳಿಯನ್ನು ತೆಗೆಯಲೆಂದು. ಅಕ್ಕ ಅವನ ಕೈಯನ್ನು ಬ್ರಷ್ಷಿನ ಹಿಂಬದಿಯಿಂದ ಮೆಲ್ಲಗೆ ಆಚೆ ತಳ್ಳಿದಳು. ಅವನ ಮುಖ ನೋಡಲಿಲ್ಲ.

‘ಹಾಳೆ ಮುಗಿದಿಲ್ಲ,’ ಎಂದಳು. ‘ಇನ್ನೂ ಇಪ್ಪತ್ಮೂರು ಸಲ ಇದೆ.’

ಓರೆ ಸರಿಮಾಡಿದಳು. ಬೆರಳನ್ನು ಮೂಲೆಗೆ ಒಯ್ದು, ಗಿಳಿಯ ಮೇಲೆ ಇಟ್ಟು, ಈ ಸಲ ಬೇಕೆಂದೇ ಒತ್ತಿದಳು. ಬ್ರಷ್ ಕೆಳಗಿಟ್ಟು ಎರಡೂ ಕೈ ಮಡಿಲಲ್ಲಿ ಇಟ್ಟುಕೊಂಡಳು.

‘ಎಣಿಸಿ,’ ಎಂದಳು. ಎರಡು ವರ್ಷದಲ್ಲಿ ಮೊದಲ ಸಲ ಅವನಿಗೆ ಬಹುವಚನ ಹಾಕಿದ್ದಳು.

ಗಿಳಿ ಹಸಿರಾಗಿ ಹೊಳೆಯುತ್ತಿತ್ತು. ಅವನು ಮತ್ತೆ ಒಂದರಿಂದ ಶುರುಮಾಡಿದ.